ಪಾಮನಕಲ್ಲೂರಿಗೆ ಕೊಟ್ಟ ಮೊಲಗಳು

ಮೊಲ ಬಹಳ ಸಾಧು ಪ್ರಾಣಿ ಎಂದು ಹೇಳುವವರು ಮೊಲ ಸಾಕಿದವರಲ್ಲ. ಸಾಕಿದವಳು ನಾನು. ಸಿಂಧನೂರಿನ ನಮ್ಮ ಮನೆಯಲ್ಲಿ ಎರಡು ಮೊಲಗಳು ಚಳಿಗಾಲದ ಕೊನೆಗೆ ಬಂದು ಬೇಸಿಗೆಯ ಕೊನೆಯವರೆಗೆ ಇದ್ದವು. ಇದ್ದಷ್ಟು ದಿನ ಮನೆ ಅವುಗಳದ್ದು, ನಾವು ಬಾಡಿಗೆಯವರು. ಟಿವಿಯ ವೈರು, ನನ್ನ ಫೋನಿನ ಚಾರ್ಜರು, ಗಂಡನ ಚಪ್ಪಲಿಯ ಪಟ್ಟಿ, ಅತ್ತೆಯವರ ಜಮಖಾನದ ಅಂಚು, ಎಲ್ಲದರ ರುಚಿ ನೋಡಿದವು. ಸಂತೆಯಿಂದ ಹುಡುಕಿ ತಂದ ಎಳೆ ಗಜ್ಜರಿಯನ್ನು ಮಾತ್ರ ಮೂಸಿ ನೋಡಿ ಬಿಟ್ಟುಬಿಡುತ್ತಿದ್ದವು.

ನಮ್ಮದು ಸಣ್ಣ ಸಂಸಾರ. ನಾನು ಸಾಲಗುಂದದ ಸರ್ಕಾರಿ ಶಾಲೆಯಲ್ಲಿ ಟೀಚರು, ದಿನಾ ಸ್ಕೂಟಿಯ ಮೇಲೆ ಹೋಗಿ ಬರುತ್ತೇನೆ. ಗಂಡನದು ಬೀಜ ಗೊಬ್ಬರದ ಅಂಗಡಿ. ಜೊತೆಗೆ ಅತ್ತೆ, ಮತ್ತೆ ಆಗ ಮೂರನೇ ಕ್ಲಾಸಿನಲ್ಲಿದ್ದ ನಮ್ಮ ಒಬ್ಬಳೇ ಮಗಳು. ಶಾಲೆಗೆ ಸೇರಿದ ಮೇಲೆ ನಾನು ಅವಳಿಗೆ ‘ಮಮ್ಮಿ’ ಆಗಿದ್ದೇನೆ. ಏನಾದರೂ ಬೇಕಾದಾಗ ಮಾತ್ರ ‘ಅವ್ವ’ ಆಗುತ್ತೇನೆ. ಆ ವರ್ಷ ದೀಪಾವಳಿಯಿಂದ ಬಿಡುವಿಲ್ಲದೆ ನಾನು ಅವ್ವನೇ ಆಗಿದ್ದೆ. ಅವಳಿಗೆ ನಾಯಿಮರಿ ಬೇಕಾಗಿತ್ತು.

ನಾಯಿಯ ಮಾತು ನಮ್ಮ ಮನೆಯಲ್ಲಿ ನಡೆಯುವಂತಿರಲಿಲ್ಲ. ಅತ್ತೆ ಎರಡು ಹೊತ್ತು ಸ್ನಾನ ಮಾಡಿ, ಹಣೆ ತುಂಬ ವಿಭೂತಿ ಹಚ್ಚಿಕೊಂಡು, ಅಂಗೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕೂಡುವವರು. ಎಲುಬು ಕಡಿಯುವ ಪ್ರಾಣಿ ಹೊಸ್ತಿಲು ದಾಟಕೂಡದು ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದರು. ನನಗೆ ಒಳಗೊಳಗೇ ಖುಷಿ. ಇಲ್ಲ ಎನ್ನುವ ಕೆಟ್ಟ ಕೆಲಸ ಅತ್ತೆ ಮಾಡಿದರೆ ನಾನು ಒಳ್ಳೆಯವಳಾಗಿ ಉಳಿಯಬಹುದಲ್ಲ.

ಆದರೆ ಲಿಂಗಸುಗೂರಿನಲ್ಲಿ ನೆಂಟರ ಮದುವೆಗೆ ಹೋದಾಗ ನನ್ನ ಲೆಕ್ಕ ತಲೆಕೆಳಗಾಯಿತು. ಊಟ ಮುಗಿಸಿ ಹೊರಗೆ ಬಂದರೆ, ಕಲ್ಯಾಣ ಮಂಟಪದ ಎದುರಿನ ಬೇವಿನ ಮರದ ಕೆಳಗೆ ಒಬ್ಬ ತಂತಿಯ ಪಂಜರದಲ್ಲಿ ಮೊಲದ ಮರಿಗಳನ್ನು ಇಟ್ಟುಕೊಂಡು ಕೂತಿದ್ದ. ಮಗಳು ರೇಷ್ಮೆ ಲಂಗ ಮಣ್ಣಾಗುವುದನ್ನೂ ಲೆಕ್ಕಿಸದೆ ಪಂಜರದ ಮುಂದೆ ಕುಕ್ಕರಗಾಲಿನಲ್ಲಿ ಕೂತುಬಿಟ್ಟಳು. ನಾನು ಬೇಡ ಎಂದೆ. ಗಂಡ ‘ನೋಡೋಣ’ ಎಂದರು. ನಮ್ಮವರ ಬಾಯಲ್ಲಿ ನೋಡೋಣ ಎಂದರೆ ಆಯಿತು ಎಂದೇ ಅರ್ಥ. ನಾನು ಅತ್ತೆಯ ಕಡೆ ನೋಡಿದೆ. ಅವರು ಸೆರಗು ಸರಿಮಾಡಿಕೊಂಡು ಮುಂದೆ ಬಂದು, ಗಂಡು ನೋಡಲು ಬಂದ ಹಿರಿಯರ ಗಾಂಭೀರ್ಯದಲ್ಲಿ ಮಾರುವವನನ್ನು ವಿಚಾರಿಸಿದರು. ಇವು ಏನು ತಿನ್ನುತ್ತವೆ? ಹುಲ್ಲು, ಸೊಪ್ಪು, ಕಾಯಿಪಲ್ಲೆ ಎಂದ. ತತ್ತಿ? ಮುಟ್ಟುವುದಿಲ್ಲ. ಬೇರೆ ಏನಾದರೂ? ಅವನು ಗಂಟಲು ಮುಟ್ಟಿಕೊಂಡು, ದೇವರಾಣೆಗೂ ಇಲ್ಲ ಎಂದ.

“ಹಂಗಿದ್ರ ನಮ್ಮ ಪೈಕಿನ ಅದಾವ. ತಗೋರಿ,” ಎಂದರು ಅತ್ತೆ.

ಒಂದು ಬಿಳಿ, ಒಂದು ಕಪ್ಪು. ಎರಡೂ ಹೆಣ್ಣು ಎಂದು ಅವನು ಇನ್ನೊಮ್ಮೆ ಗಂಟಲು ಮುಟ್ಟಿಕೊಂಡ. ರಟ್ಟಿನ ಡಬ್ಬಿಯಲ್ಲಿ ಹುಲ್ಲು ಹಾಸಿ ಕೊಟ್ಟ. ಕಾರು ಮಸ್ಕಿ ತಲುಪುವ ಹೊತ್ತಿಗೆ ಕಪ್ಪುದು ಡಬ್ಬಿಯ ಮೂಲೆ ಕಡಿದು ಹೊರಗೆ ಬಂದು, ಮದುವೆಯಲ್ಲಿ ನಮಗೆ ಆಯೇರಿ ಕೊಟ್ಟ ಜಂಪರ್ ಬಟ್ಟೆಯ ಮೇಲೆ ಕೂತು ಅದನ್ನೂ ತೋಯಿಸಿತ್ತು. ಮಸ್ಕಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಮಿರ್ಚಿ ಅಂಗಡಿಯ ಗಿರಾಕಿಗಳೆಲ್ಲ ಕಾರಿನ ಕಿಟಕಿಗೆ ಬಂದು ಇಣುಕಿದರು. ಮಗಳು ರಾಜಕುಮಾರಿಯ ಗತ್ತಿನಲ್ಲಿ ಎಲ್ಲರಿಗೂ ಒಂದೊಂದು ಸಲ ಮುಟ್ಟಲು ಅನುಮತಿ ಕೊಟ್ಟಳು. ಅಲ್ಲಿಯೇ ಹೆಸರೂ ಇಟ್ಟಾಯಿತು: ಬಿಳಿಯದು ಬಿಳೇಕಿ, ಕಪ್ಪುದು ಕರೇಕಿ.

ಮೊದಮೊದಲು ನಾನೂ ಮರುಳಾದೆ ಎಂಬುದನ್ನು ಮುಚ್ಚಿಡುವುದಿಲ್ಲ. ಮಗಳು ಶಾಲೆಯಿಂದ ಬಂದು ಚೀಲ ಎಸೆಯುವ ಸದ್ದಿಗೆ ಎರಡೂ ಹಿಂಗಾಲಿನ ಮೇಲೆ ಎದ್ದು ನಿಂತು ಕಿವಿ ನೆಟ್ಟಗೆ ಮಾಡುತ್ತಿದ್ದವು. ಅವಳು ಅವುಗಳ ಎದುರು ಕೂತು ಕನ್ನಡ ಪಾಠ ಓದುತ್ತಿದ್ದಳು, ಮಗ್ಗಿ ಒಪ್ಪಿಸುತ್ತಿದ್ದಳು, ಯಾರು ಯಾರ ಕೂಡ ಟೂ ಬಿಟ್ಟರು ಎಂಬ ವರದಿ ಕೊಡುತ್ತಿದ್ದಳು. ನನಗೆ ಹೇಳದ ಎಷ್ಟೋ ಮಾತು ಅವಕ್ಕೆ ಹೇಳುತ್ತಿದ್ದಳು. ಅಡುಗೆಮನೆಯಲ್ಲಿ ಕೂತು ಕಾಯಿಪಲ್ಲೆ ಹೆಚ್ಚುವಾಗ ನಾನು ಅದನ್ನೆಲ್ಲ ಕದ್ದು ಕೇಳಿಸಿಕೊಳ್ಳುತ್ತಿದ್ದೆ. ಒಮ್ಮೊಮ್ಮೆ ಬಿಳೇಕಿ ಬಂದು ನನ್ನ ಪಾದದ ಮೇಲೆ ಗದ್ದ ಇಟ್ಟು ಕಣ್ಣು ಮುಚ್ಚುತ್ತಿತ್ತು. ಕಾಲು ಜೋಮು ಹಿಡಿದರೂ ಎಳೆದುಕೊಳ್ಳಲು ಮನಸ್ಸು ಬರುತ್ತಿರಲಿಲ್ಲ.

ಆದರೆ ಹಂಚಿಕೆ ಸರಿಯಾಗಿರಲಿಲ್ಲ. ಪ್ರೀತಿ ಮಗಳ ಪಾಲಿಗೆ, ಕಸಬರಿಗೆ ನನ್ನ ಪಾಲಿಗೆ. ಮೆಣಸಿನಕಾಳಿನಂಥ ಹಿಕ್ಕೆ ಸೋಫಾದ ಕೆಳಗೆ, ಕಪಾಟಿನ ಹಿಂದೆ, ಕೊನೆಗೆ ನನ್ನ ಶಾಲೆಯ ಚೀಲದಲ್ಲಿ. ಬೆಳಿಗ್ಗೆ ಎದ್ದು ಫಿನೈಲು ಹಾಕಿ ಒರೆಸಿ ಸ್ಕೂಟಿ ಹತ್ತಿದರೆ, ಸಂಜೆ ಬಾಗಿಲು ತೆಗೆಯುವ ಮೊದಲೇ ವಾಸನೆ ಎದುರುಗೊಳ್ಳುತ್ತಿತ್ತು. ಮಗಳನ್ನು ಕರೆದು, ನೀನು ಸಾಕುತ್ತೇನೆ ಎಂದೆಯಲ್ಲ, ಬಾ ಒರೆಸು ಎಂದರೆ, ಅವಳಿಗೆ ಅದೇ ಹೊತ್ತಿಗೆ ಹೋಮ್‌ವರ್ಕ್ ನೆನಪಾಗುತ್ತಿತ್ತು. ಗಂಡನಿಗೆ ಹೇಳಿದರೆ, ಗೊಬ್ಬರದ ಅಂಗಡಿಯವನ ಮನೆಗೆ ಗೊಬ್ಬರ ತಾನಾಗೇ ಬಂದಿದೆ, ನಿನಗೇನು ತಕರಾರು ಎಂದು ನಗುತ್ತಿದ್ದರು. ಆ ನಗೆ ಕೇಳಿ ನನಗೆ ಮೈ ಉರಿಯುತ್ತಿತ್ತು.

ಅತ್ತೆಯ ಜೊತೆ ಮಾತ್ರ ಮೊಲಗಳು ಹೇಗೋ ಹೊಂದಿಕೊಂಡವು. ಒಂದು ದಿನ ಅವರು ಪೂಜೆಯಲ್ಲಿ ಕಣ್ಣು ಮುಚ್ಚಿ ಕೂತಾಗ ಬಿಳೇಕಿ ತಟ್ಟೆಯಲ್ಲಿದ್ದ ಬಿಲ್ವಪತ್ರೆಯನ್ನೆಲ್ಲ ಖಾಲಿ ಮಾಡಿ, ಪಕ್ಕದಲ್ಲೇ ಕೂತು ಮುಖ ತೊಳೆದುಕೊಳ್ಳುತ್ತಿತ್ತು. ಇವತ್ತು ರಾಮಾಯಣವೇ ಎಂದು ನಾನು ಕಾದೆ. ಅತ್ತೆ ಕಣ್ಣು ಬಿಟ್ಟು, ಖಾಲಿ ತಟ್ಟೆ ನೋಡಿ, ಶಿವ ಇವತ್ತು ಬಾಯಿ ಹಾಕಿಯೇ ತಗೊಂಡ ಎಂದು ಎದ್ದು ಹೋದರು. ನಾನು ಇಷ್ಟು ವರ್ಷದಲ್ಲಿ ಸಾರಿಗೆ ಉಪ್ಪು ಹೆಚ್ಚು ಹಾಕಿದ್ದಕ್ಕೂ ಅಷ್ಟು ಸುಲಭದ ಮಾಫಿ ಸಿಕ್ಕಿರಲಿಲ್ಲ.

ಏಪ್ರಿಲ್ ಬಂತು. ನಮ್ಮ ಕಡೆಯ ಬಿಸಿಲನ್ನು ನಾನು ವರ್ಣಿಸುವುದಿಲ್ಲ, ಕಂಡವರಿಗೆ ಗೊತ್ತು. ಮೊಲಗಳು ಸಿಮೆಂಟಿನ ಮೇಲೆ ಹೊಟ್ಟೆ ಹಚ್ಚಿ ಮಲಗಿ ಏದುಸಿರು ಬಿಡತೊಡಗಿದವು. ದನದ ಡಾಕ್ಟರು ತಂಪಿನಲ್ಲಿಡಿ, ಇಲ್ಲದಿದ್ದರೆ ಉಳಿಯುವುದಿಲ್ಲ ಎಂದರು. ಕಿಟಕಿಗೆ ಗೋಣಿಚೀಲ ಕಟ್ಟಿ ತಾಸಿಗೊಮ್ಮೆ ನೀರು ಹೊಡೆದೆವು. ಮನೆಯ ಒಂದೇ ಕೂಲರು ಮೊಲಗಳ ಮೂಲೆಗೆ ಹೋಯಿತು. ಒಂದು ಮಧ್ಯಾಹ್ನ ಶಾಲೆಯಿಂದ ಅತ್ತೆಗೆ ಫೋನು ಮಾಡಿದವಳು, ಊಟ ಆಯಿತೇ ಎಂದು ಕೇಳುವುದನ್ನು ಬಿಟ್ಟು ಮೊಲ ಹೇಗಿವೆ ಎಂದು ಕೇಳಿದೆ. ಅವರು ಮೊಲ ಆರಾಮವಾಗಿವೆ, ಮುದುಕಿಯೂ ಇನ್ನೂ ಇದ್ದಾಳೆ ಎಂದು ಫೋನು ಇಟ್ಟರು. ಸಂಜೆಯವರೆಗೆ ಮುಖ ಊದಿಸಿಕೊಂಡೇ ಇದ್ದರು.

ಇದೆಲ್ಲ ನಗುತ್ತ ಹೇಳುವ ಮಾತು. ನಗು ಬಾರದ ದಿನವೂ ಒಂದು ಬಂತು. ಭಾನುವಾರ, ಎಲ್ಲರೂ ಮನೆಯಲ್ಲಿದ್ದೆವು. ಫ್ರಿಜ್ಜಿನ ಹಿಂದೆ ಚಿಟ್ ಎಂದು ಸದ್ದಾಯಿತು. ಕರೇಕಿ ಅಷ್ಟು ದೂರ ಹಾರಿ ಬಿದ್ದು ಕಾಲು ಝಾಡಿಸುತ್ತಿತ್ತು. ವೈರು ಕಡಿದಿತ್ತು, ತಾಮ್ರ ಹೊರಗೆ ಕಾಣುತ್ತಿತ್ತು. ಮಗಳು ಅಳುತ್ತ ಮೊಲವನ್ನು ಎತ್ತಿಕೊಳ್ಳಲು ಆ ಸಂದಿಯಲ್ಲಿ ನುಗ್ಗಿದಳು, ಅವಳ ಒದ್ದೆ ಕೈ ಆ ವೈರಿನ ಹತ್ತಿರ ಹೋಯಿತು. ಗಂಡ ಓಡಿ ಮೇನ್ ಸ್ವಿಚ್ಚು ಬಂದ್ ಮಾಡಿದರು. ನಾನು ಅವಳನ್ನು ರಟ್ಟೆ ಹಿಡಿದು ಎಳೆದವಳೇ, ಒಂದು ಏಟು ಕೊಟ್ಟು, ಅದೇ ಕೈಯಲ್ಲಿ ಅವಳನ್ನು ಅಪ್ಪಿಕೊಂಡು ಕೂತೆ. ಕರೇಕಿ ಸ್ವಲ್ಪ ಹೊತ್ತಿಗೆ ಎದ್ದು ಕೂತು ಏನೂ ಆಗದವರಂತೆ ಸೊಪ್ಪು ತಿಂದಿತು.

ಅವತ್ತೇ ಹೇಳಿದೆ, ಮೊಲ ತಂದದ್ದೇ ತಪ್ಪಾಯಿತು, ಯಾರಿಗಾದರೂ ಕೊಟ್ಟುಬಿಡೋಣ. ಮಗಳು ಊಟ ಬಿಟ್ಟಳು. ಬೈದೆ, ರಮಿಸಿದೆ, ಮತ್ತೆ ಬೈದೆ. ಕೊನೆಗೆ ಸೋತು ಒಂದು ಮಾತು ಕೊಟ್ಟೆ: ನೀನು ಹೂಂ ಅನ್ನುವ ತನಕ ಕೊಡುವುದಿಲ್ಲ. ಅವಳು ಕಣ್ಣೊರೆಸಿಕೊಂಡು ಕೇಳಿದ್ದು ಒಂದೇ ಮಾತು.

“ಅವ್ವ, ಬ್ಯಾರೆದಾರ ಮನಿಗೆ ಹೋದ್ರ ನನ್ನ ಮರೀತಾವನು?”

ಸುಳ್ಳು ಹೇಳಬಹುದಾಗಿತ್ತು. ಶಾಲೆಯಲ್ಲಿ ಬೇರೆಯವರ ಮಕ್ಕಳಿಗೆ ಸುಳ್ಳು ಹೇಳಬಾರದು ಎಂದು ಕಲಿಸುವವಳಿಗೆ ಆ ಹೊತ್ತಿಗೆ ಬಾಯಿ ಬರಲಿಲ್ಲ. ಗೊತ್ತಿಲ್ಲ ಎಂದೆ. ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

ಆಮೇಲೆ ಕೊಡುವುದೂ ಎಷ್ಟು ಕಷ್ಟ ಎಂದು ತಿಳಿಯಿತು. ಶಾಲೆಯಲ್ಲಿ ನನ್ನ ಜೊತೆಯ ಟೀಚರೊಬ್ಬರು ಮೊದಲು ಆಸೆಪಟ್ಟು, ವೈರಿನ ಸಂಗತಿ ಕೇಳಿದ ಮೇಲೆ ಮಾತು ಬದಲಿಸಿದರು. ಅಂಗಡಿಗೆ ಬರುವ ಗೊರೇಬಾಳದ ಕಡೆಯ ಭತ್ತದ ರೈತರೊಬ್ಬರು, ಆಂಧ್ರದಿಂದ ಬಂದು ನೆಲೆಸಿದ ಕ್ಯಾಂಪಿನವರು, ಬಹಳ ಸಜ್ಜನರು, ಸುದ್ದಿ ಕೇಳಿದ್ದೇ ಮನೆತನಕ ಬಂದರು. ಮೊಲಗಳನ್ನು ಕಂಡು ಮುಖ ಅರಳಿತು. ಮೃದುವಾಗಿ ಕಿವಿ ಸವರಿದರು. ಒಂದನ್ನು ಎತ್ತಿ ಎರಡೂ ಕೈಯಲ್ಲಿ ಮೇಲೆ ಕೆಳಗೆ ಆಡಿಸಿದರು. ಒಳ್ಳೆಯ ಮನೆ ಸಿಕ್ಕಿತು ಎಂದು ನಾನು ಚಹಾಕ್ಕೆ ಇಟ್ಟೆ.

“ಕುಂದೇಲು ಚಲೋ ಬೆಳದಾವಮ್ಮಾ. ಒಂದೊಂದು ಎಷ್ಟು ಕಿಲೋ ಬರ್ತಾವ?” ಎಂದು ಅವರು ಕೇಳಿದರು. ಕುಂದೇಲು ಎಂದರೆ ಅವರ ತೆಲುಗಿನಲ್ಲಿ ಮೊಲ.

ಚಹಾ ಕುಡಿಸಿ, ಇನ್ನೂ ಮನಸ್ಸು ಗಟ್ಟಿ ಮಾಡಿಲ್ಲ ಎಂದು ಹೇಳಿ ಕಳಿಸಿದೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಮುಚ್ಚುಮರೆ ಇಲ್ಲದೆ ಕೇಳಿದರು, ಅದು ಅವರ ದೊಡ್ಡತನ. ಬಾಯಿ ಮುಚ್ಚಿಕೊಂಡು ಒಯ್ದಿದ್ದರೆ ನಾನು ಮಗಳ ಮುಖ ಹೇಗೆ ನೋಡುತ್ತಿದ್ದೆ?

ಕೊನೆಗೆ ದಾರಿ ತೋರಿಸಿದವಳು ನನ್ನ ನಾದಿನಿ, ಗಂಡನ ತಂಗಿ, ಮಗಳ ಅತ್ತಿ. ಮಸ್ಕಿ ತಾಲೂಕಿನ ಪಾಮನಕಲ್ಲೂರಿನಲ್ಲಿ ಅವಳ ಸಂಸಾರ. ಒಣಬೇಸಾಯದ ಮನೆತನ, ವಿಶಾಲವಾದ ಹಿತ್ತಲು, ದನದ ಮನೆ, ಬೇವಿನ ನೆರಳು. ಮಗ ಹಾಸ್ಟೆಲಿನಲ್ಲಿ ಓದುತ್ತಿದ್ದ. ಮನೆ ಭಣಭಣ ಅನ್ನುತ್ತದೆ, ನನಗೆ ಕೊಡಿ ಎಂದು ಫೋನಿನಲ್ಲಿ ತಾನಾಗಿಯೇ ಕೇಳಿದಳು. ಆ ಸಂಜೆ ನಾವು ದೊಡ್ಡವರು ಮೂವರೂ ಕೂತು, ಪಾಮನಕಲ್ಲೂರಿಗೇ ಕೊಡೋಣ, ಕೊಟ್ಟರೆ ಅಲ್ಲಿಗೇ ಕೊಡೋಣ ಎಂದು ಮಾತಾಡಿಕೊಳ್ಳುತ್ತಿದ್ದೆವು. ಮಗಳು ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು.

“ಅತ್ತೀನೂ ಪಾಮನಕಲ್ಲೂರಿಗೇ ಕೊಟ್ಟೀರಲ್ಲ?” ಎಂದಳು.

ಹೌದು ಎಂದರು ಅತ್ತೆ. ನನ್ನನ್ನು ಎಲ್ಲಿಗೆ ಕೊಡುತ್ತೀರಿ ಎಂಬುದು ಮುಂದಿನ ಪ್ರಶ್ನೆ. ನಿನ್ನನ್ನು ತಗೊಳ್ಳುವ ಧೈರ್ಯದವರು ಇನ್ನೂ ಹುಟ್ಟಿಲ್ಲ ಎಂದು ಅವಳಪ್ಪ ನಗಿಸಿದರು. ಆದರೆ ಅವಳ ತಲೆಯಲ್ಲಿ ಆ ಮಾತು ಕೂತುಬಿಟ್ಟಿತ್ತು. ನಮ್ಮಲ್ಲಿ ಹೆಣ್ಣುಮಕ್ಕಳನ್ನು ಮದುವೆ ಮಾಡಿ ಕಳಿಸುವುದಕ್ಕೂ ‘ಕೊಡುವುದು’ ಎಂದೇ ಅನ್ನುತ್ತೇವೆ. ‘ನಿಮ್ಮ ಮಗಳನ್ನು ಯಾವೂರಿಗೆ ಕೊಟ್ಟೀರಿ’ ಎಂದೇ ಬಸ್ಸಿನಲ್ಲಿ ಪಕ್ಕ ಕೂತವರೂ ಕೇಳುತ್ತಾರೆ. ನಾವು ಹೇಳಿದ್ದು ಮೊಲವನ್ನು ಕೈದಾಟಿಸುವ ಮಾತು. ಅವಳು ಕೇಳಿಸಿಕೊಂಡದ್ದು ಮದುವೆಯ ಮಾತು. ಅಜ್ಜಿಯ ತೊಡೆಯ ಮೇಲೆ ಕೂತು, ಅತ್ತಿಯನ್ನು ಕೊಡುವ ಮುಂದೆ ಏನೇನು ಮಾಡಿದಿರಿ ಎಂದು ಕೆದಕಿ ಕೆದಕಿ ಕೇಳಿದಳು. ಅತ್ತೆಗೂ ಹೇಳಲು ಹಿಗ್ಗು. ಮೊದಲು ಹೋಗಿ ಮನೆ ನೋಡಿ ಬಂದೆವು. ಆಮೇಲೆ ಉಡಿ ತುಂಬಿ ಕಳಿಸಿದೆವು. ಪ್ರತಿ ವರ್ಷ ನಾಗರ ಪಂಚಮಿಗೆ ಅವಳ ಅಣ್ಣ ಹೋಗಿ ಕರೆದುಕೊಂಡು ಬರುತ್ತಾನೆ. ಚೊಚ್ಚಲ ಬಾಣಂತನ ಇದೇ ಮನೆಯಲ್ಲಿ, ಈ ಮೂಲೆಯ ಖೋಲಿಯಲ್ಲೇ ಆಯಿತು. ಕೊಟ್ಟ ಹೆಣ್ಣು ಮರೆತುಹೋಗುವುದಿಲ್ಲವೇ ಎಂದು ಮಗಳು ಕೇಳಿದಳು. ತವರುಮನೆಯನ್ನು ಯಾವ ಹೆಣ್ಣೂ ಮರೆಯುವುದಿಲ್ಲ ಎಂದು ಅತ್ತೆ ಅವಳ ತಲೆ ಸವರಿದರು.

ಮರುದಿನ ಮಗಳು ನನ್ನ ಮುಂದೆ ಬಂದು ನಿಂತು, ಕೊಡುವುದಾದರೆ ಹಾಗೆ ಕೊಡೋಣ ಎಂದಳು. ಮೊದಲು ಮನೆ ನೋಡಬೇಕು. ಆಮೇಲೆಯೇ ಹೂಂ.

ಹೀಗೆ ಮೇ ತಿಂಗಳ ಸುಡುಬಿಸಿಲಿನಲ್ಲಿ ನಾವು ನಾಲ್ವರೂ ಕಾರಿನಲ್ಲಿ ಮೊಲಗಳಿಗೆ ಮನೆ ನೋಡಲು ಪಾಮನಕಲ್ಲೂರಿಗೆ ಹೋದೆವು. ದಾರಿಯಲ್ಲಿ ಸಿಕ್ಕ ಪರಿಚಯದವರು ಎಲ್ಲಿಗೆ ಎಂದು ಕೇಳಿದರೆ ಗಂಡ ಗಂಭೀರವಾಗಿ, ಹೆಣ್ಣಿನ ಕೆಲಸಕ್ಕೆ ಎನ್ನುತ್ತಿದ್ದರು. ನನಗೆ ನಗು, ನಾಚಿಕೆ ಎರಡೂ.

ನಾದಿನಿಗೆ ಫೋನಿನಲ್ಲಿ ಮೊದಲೇ ಹೇಳಿದ್ದೆ. ಅವಳು ಬಾಗಿಲಲ್ಲಿ ಕಾಲಿಗೆ ನೀರು ಕೊಟ್ಟು, ಚಾಪೆ ಹಾಸಿ, ಬೀಗರು ಬಂದಾಗ ಮಾಡುವ ಎಲ್ಲ ಉಪಚಾರ ಮಾಡಿದಳು. ಒಗ್ಗರಣೆ ಮಂಡಾಳು, ಮಿರ್ಚಿ, ಮೇಲೆ ಕೇಸರಿಭಾತು. ಮಗಳು ತಿನ್ನುವ ಮುಂಚೆ ಹಿತ್ತಲು ನೋಡಬೇಕು ಎಂದು ಎದ್ದಳು. ಬೇವಿನ ಕೆಳಗೆ ಅತ್ತಿಯ ಗಂಡ ಚಪ್ಪಡಿ ಕಲ್ಲು ನಿಲ್ಲಿಸಿ ಮೊಲಗಳಿಗೆ ದೊಡ್ಡಿ ಕಟ್ಟಿಸಿದ್ದರು. ಅವಳು ಒಳಗೆ ಇಳಿದು ನೆಲಕ್ಕೆ ಅಂಗೈ ಹಚ್ಚಿ ತಂಪು ನೋಡಿದಳು. ನಾಯಿ ಇದೆಯೇ, ಬೆಕ್ಕು ಬರುತ್ತದೆಯೇ, ವೈರು ಎಲ್ಲಾದರೂ ಇದೆಯೇ ಎಂದು ಒಂದೊಂದೇ ಕೇಳಿದಳು. ಮಾತು ಕಡಿಮೆಯ ಮನುಷ್ಯ ಅವರು. ಎಂಟು ವರ್ಷದ ಹುಡುಗಿಯ ಎದುರು ಕೈಕಟ್ಟಿ ನಿಂತು ಎಲ್ಲದಕ್ಕೂ ಉತ್ತರ ಕೊಟ್ಟರು.

ಕೊನೆಗೆ ಅವಳು ಅತ್ತಿಯ ಕಡೆ ತಿರುಗಿದಳು. “ಅತ್ತಿ, ನಿಮಗ ಇಲ್ಲಿ ಸೇರ್ತೈತನು?”

ನಾದಿನಿ ನಗಲಿಕ್ಕೆ ಹೋದಳು. ಆಮೇಲೆ ಅವಳ ಪಕ್ಕ ಕಲ್ಲಿನ ಮೇಲೆ ಕೂತಳು.

“ಮೊದಲ ಸೇರಿರಲಿಲ್ಲವ್ವ. ಭಾಳ ಅತ್ತೀನಿ. ಈಗ ಸೇರೈತಿ. ಆದ್ರೂ ಸಿಂಧನೂರ ಬಸ್ಸಿನ ಬೋರ್ಡ ಕಂಡ್ರ ನಿಂತು ನೋಡ್ತೀನಿ.”

ಮಗಳು ಇನ್ನೊಮ್ಮೆ ದೊಡ್ಡಿಯ ನೆಲ ಮುಟ್ಟಿ ನೋಡಿದಳು. ಆಮೇಲೆ ನನ್ನ ಹತ್ತಿರ ಬಂದು ಕಿವಿಯಲ್ಲಿ ಹೂಂ ಎಂದಳು. ಅಷ್ಟು ದಿನ ಕಾದಿದ್ದ ಮಾತು ಸಿಕ್ಕಿತು, ಆದರೆ ನನಗೆ ಖುಷಿ ಆಗಲಿಲ್ಲ.

ಸಂಜೆ ನಾದಿನಿ ಉಳಿಯಲು ಬಹಳ ಒತ್ತಾಯ ಮಾಡಿದಳು. ಜೋಳದ ರೊಟ್ಟಿಗೆ ಹಿಟ್ಟು ಕಲಸಲು ನೀರು ಕಾಯಿಸಿದ್ದಳು. ಅತ್ತೆ ಚೀಲ ಕೈಗೆತ್ತಿಕೊಂಡೇ ನಿಂತಿದ್ದರು. ಮಗಳನ್ನು ಕೊಟ್ಟ ಮನೆಯಲ್ಲಿ ರಾತ್ರಿ ತಂಗಬಾರದು, ಬೀಗರ ಮನೆಯಲ್ಲಿ ಗೌರವ ಉಳಿಯುವುದು ಹೊತ್ತು ಮುಳುಗುವ ತನಕ ಮಾತ್ರ ಎಂಬುದು ಅವರ ತಾಯಿ ಹಾಕಿಕೊಟ್ಟ ನೇಮ. ಇಷ್ಟು ವರ್ಷದಲ್ಲಿ ಅವರು ಒಂದು ರಾತ್ರಿಯೂ ಅಲ್ಲಿ ಮಲಗಿರಲಿಲ್ಲ. ನಾದಿನಿ ಒಲೆ ಆರಿಸಿ ಬಂದು ನಮ್ಮನ್ನು ಕಳಿಸಿಕೊಟ್ಟಳು.

ಮುಂದಿನ ವಾರ ಮೊಲಗಳನ್ನು ಕೊಟ್ಟೆವು. ಮಗಳ ಹಟಕ್ಕೆ ಅತ್ತೆ ಉಡಿ ತುಂಬುವ ಶಾಸ್ತ್ರವನ್ನೂ ಮಾಡಿದರು. ಜಂಪರ್ ಬಟ್ಟೆಯಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣದ ಕೊಂಬು ಕಟ್ಟಿ ಡಬ್ಬಿಯಲ್ಲಿ ಇಟ್ಟರು. ಆರತಿ ತಟ್ಟೆಯ ಹೂವನ್ನು ಕರೇಕಿ ತಿಂದಿತು. ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ನೋಡಿ, ಇವರಿಗೆ ಬಿಸಿಲು ನೆತ್ತಿಗೇರಿದೆ ಎಂದುಕೊಂಡಿರಬೇಕು. ಕರೆದೊಯ್ಯಲು ಬಂದ ಅತ್ತಿಯ ಗಂಡ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ಮಸ್ಕಿ ಬಸ್ಸು ಹತ್ತಿದರು. ಮಗಳು ಅಳಲಿಲ್ಲ. ಅಜ್ಜಿಯ ಸೆರಗು ಹಿಡಿದು ಬಸ್ಸು ತಿರುವಿನಲ್ಲಿ ಮರೆಯಾಗುವ ತನಕ ನಿಂತಿದ್ದಳು.

ಮನೆ ಸ್ವಚ್ಛವಾಯಿತು. ಕೂಲರು ನಮ್ಮ ಪಾಲಿಗೆ ಬಂತು. ಫಿನೈಲಿನ ಬಾಟಲಿ ತಿಂಗಳಾದರೂ ಮುಗಿಯಲಿಲ್ಲ. ನಾನು ಬಯಸಿದ್ದು ಇದೇ. ಆದರೂ ಕಾಯಿಪಲ್ಲೆ ಹೆಚ್ಚುವಾಗ ಕಾಲು ಚಾಚಿಯೇ ಕೂಡುತ್ತಿದ್ದೆ, ಕೊತ್ತಂಬರಿಯ ದಂಟು ತೆಗೆದಿಟ್ಟು ಆಮೇಲೆ ಕಸಕ್ಕೆ ಹಾಕುತ್ತಿದ್ದೆ. ಮಗಳು ಶಾಲೆಯಿಂದ ಬಂದು ಸುಮ್ಮನೆ ಓದಲು ಕೂಡುತ್ತಿದ್ದಳು. ಅವಳ ಶಾಲೆಯ ಸುದ್ದಿ ಈಗ ಯಾರಿಗೂ ಸಿಗುತ್ತಿರಲಿಲ್ಲ. ವಾರಕ್ಕೊಮ್ಮೆ ನಾದಿನಿ ವಿಡಿಯೋ ಕಾಲ್ ಮಾಡಿ ಮೊಲಗಳ ಮುಂದೆ ಫೋನು ಹಿಡಿಯುತ್ತಿದ್ದಳು. ಮಗಳು ಕರೆಯುತ್ತಿದ್ದಳು, ಅವು ಮೇಯುತ್ತಿದ್ದವು. ಫೋನಿನಲ್ಲಿ ಧ್ವನಿ ಸರಿಯಾಗಿ ಕೇಳುವುದಿಲ್ಲ, ಅದಕ್ಕೆ ನೋಡುತ್ತಿಲ್ಲ ಎಂದು ಅವಳೇ ನನಗೆ ಸಮಾಧಾನ ಹೇಳುತ್ತಿದ್ದಳು.

ಮುಂಗಾರು ಮಳೆ ಬಿದ್ದು ಪಾಮನಕಲ್ಲೂರಿನ ಕಡೆ ಬಿತ್ತನೆ ಶುರುವಾದಾಗ ಒಂದು ಶನಿವಾರ ಬೆಳಿಗ್ಗೆ ನಾದಿನಿಯ ಫೋನು ಬಂತು. ಬಿಳೇಕಿ ದೊಡ್ಡಿಯ ಮೂಲೆಯಲ್ಲಿ ಬಿಲ ತೋಡಿದ್ದಾಳೆ, ಬಾಯಿತುಂಬ ಹುಲ್ಲು ಒಯ್ಯುತ್ತಾಳೆ, ತನ್ನ ಎದೆಯ ತುಪ್ಪಳ ತಾನೇ ಕಿತ್ತು ಒಳಗೆ ಹಾಸುತ್ತಿದ್ದಾಳೆ. ಇವತ್ತೋ ನಾಳೆಯೋ ಮರಿ ಹಾಕುತ್ತಾಳೆ. ಲಿಂಗಸುಗೂರಿನವನು ಮುಟ್ಟಿಕೊಂಡ ಗಂಟಲು ನೆನಪಾಗಿ ಗಂಡ ಹೊಟ್ಟೆ ಹಿಡಿದು ನಕ್ಕರು. ಕರೇಕಿ ಅವತ್ತಿನಿಂದ ಕರಿಯ ಆದ.

ಮಗಳು ನಗಲಿಲ್ಲ. ಚೊಚ್ಚಲ ಬಾಣಂತನ ತವರುಮನೆಯಲ್ಲಿ ಆಗಬೇಕು, ಹೋಗಿ ಕರೆದುಕೊಂಡು ಬರೋಣ ಎಂದಳು. ಹಾಗೆಲ್ಲ ಮೊಲಕ್ಕೆ ಇಲ್ಲ ಎಂದೆ. ಅಜ್ಜಿ ಹೇಳಿದ್ದಾರೆ ಎಂದಳು. ನಾನು ಅತ್ತೆಯ ಕಡೆ ನೋಡಿದೆ, ಅವರು ನನ್ನ ಕಡೆ ನೋಡಿದರು. ಕೊಡುವಾಗ ಒಪ್ಪಿಕೊಂಡ ಮಾತು, ಈಗ ಹೇಗೆ ತಪ್ಪುವುದು? ಮತ್ತೆ ಆ ಫಿನೈಲು, ಆ ವೈರು, ಮೇಲೆ ಒಂದು ಡಜನ್ ಮರಿ ಎಂದು ನನ್ನ ತಲೆ ಗಿಮ್ಮೆಂದಿತು. ಆದರೂ ಮರುದಿನವೇ ಕಾರು ತೆಗೆದೆವು. ಅವಳು ಡಬ್ಬಿಗೆ ತನ್ನ ಹಳೆಯ ಸ್ವೆಟರು ಹಾಸಿ ಸಿದ್ಧ ಮಾಡಿಕೊಂಡಿದ್ದಳು.

ಪಾಮನಕಲ್ಲೂರು ಮುಟ್ಟಿದಾಗ ಮಧ್ಯಾಹ್ನ ಇಳಿದಿತ್ತು. ಮಗಳು ಚಪ್ಪಲಿ ಬಿಡುವುದಕ್ಕೂ ನಿಲ್ಲದೆ ಹಿತ್ತಲಿಗೆ ಓಡಿದಳು. ಬಿಳೇಕಿ ಬಿಲದ ಬಾಯಲ್ಲಿ ಕೂತಿತ್ತು. ಮೈ ತುಂಬಿಕೊಂಡಿತ್ತು, ಎದೆಯ ಮೇಲೆ ಕೂದಲಿಲ್ಲದೆ ಗುಲಾಬಿ ಚರ್ಮ ಕಾಣುತ್ತಿತ್ತು. ಮಗಳು ಕರೆದಳು. ಕಿವಿ ಅಲುಗಿತು, ಅಷ್ಟೇ. ಕೈ ಚಾಚಿದಳು. ಬಿಳೇಕಿ ಹಿಂಗಾಲಿನಿಂದ ನೆಲಕ್ಕೆ ಟಪ್ ಎಂದು ಒದ್ದು, ಬಿಲಕ್ಕೆ ಅಡ್ಡವಾಗಿ ತಿರುಗಿ ಕೂತಿತು. ಇಷ್ಟು ದಿನ ಫೋನಿನ ಮೇಲೆ ಹಾಕಿದ್ದ ತಪ್ಪನ್ನು ಈಗ ಯಾವುದರ ಮೇಲೂ ಹಾಕುವಂತಿರಲಿಲ್ಲ. ನಾನು ಹೋಗಿ ಅವಳನ್ನು ಎತ್ತಿಕೊಳ್ಳಬೇಕೆಂದು ಹೆಜ್ಜೆ ಇಟ್ಟೆ. ಅತ್ತೆ ನನ್ನ ಕೈ ಹಿಡಿದು ನಿಲ್ಲಿಸಿದರು.

ಮಗಳು ದೊಡ್ಡಿಯ ಹೊರಗೆ ಮಣ್ಣಿನಲ್ಲಿ ಕೂತಳು. ಬಿಳೇಕಿ ಮತ್ತೆ ಹುಲ್ಲು ಕಚ್ಚಿಕೊಂಡು ಒಳಗೆ ಹೋಯಿತು, ಬಂತು, ಹೋಯಿತು. ಬಹಳ ಹೊತ್ತು ನೋಡುತ್ತ ಕೂತಿದ್ದು ಎದ್ದು ಬಂದಾಗ ಅವಳ ಕಣ್ಣು ಒದ್ದೆಯಾಗಿದ್ದವು, ಧ್ವನಿ ಮಾತ್ರ ಗಟ್ಟಿಯಾಗಿತ್ತು.

“ಆಕಿ ನನ್ನ ಮರತಾಳವ್ವ. ಇರ್ಲಿ. ಆಕೀಗೆ ಕೆಲಸ ಐತಿ.”

ನಾನು ಅವಳ ಮುಖಕ್ಕೆ ಅಂಟಿದ ಮಣ್ಣು ಒರೆಸಿದೆ. ಮನೆಗೆ ಹೋಗೋಣ ಎಂದೆ. ಅವಳು ತಲೆ ಅಲ್ಲಾಡಿಸಿದಳು.

“ಆಕಿ ಬರಂಗಿಲ್ಲ. ಬಾಣಂತನಕ್ಕ ನಾವ ಇಲ್ಲಿ ಇರೂಣು. ಅಜ್ಜೀನೂ ಇರ್ಲಿ, ಅಜ್ಜಿಗೆ ಎಲ್ಲಾ ಗೊತ್ತೈತಿ.”

ನಾದಿನಿ ತಂಬಿಗೆಯಲ್ಲಿ ನೀರು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ನಗುತ್ತಲೇ ಮಾತು ಶುರು ಮಾಡಿದಳು, ಕೊನೆ ಮುಟ್ಟುವಾಗ ನಗು ಇರಲಿಲ್ಲ.

“ಯವ್ವಾ, ನನ್ನ ಸಲುವಾಗಿ ಒಂದ್ ರಾತ್ರಿ ಇರಲಿಲ್ಲ ನೀ. ಮೊಲದ ಬಾಣಂತನಕ್ಕ ಇರ್ತಿ ಏನು?”

ಗಂಡ ಕಾರಿನ ಕೀಲಿಯನ್ನು ಸುಮ್ಮನೆ ತಿರುಗಿಸುತ್ತ ನೆಲ ನೋಡಿದರು. ಅತ್ತೆ ಮೊಮ್ಮಗಳನ್ನು ನೋಡಿದರು, ಹೊತ್ತು ಇಳಿಯುತ್ತಿದ್ದ ಕಡೆ ನೋಡಿದರು. ಆಮೇಲೆ ಕೈಯಲ್ಲಿದ್ದ ಚೀಲವನ್ನು ಕಟ್ಟೆಯ ಮೇಲೆ ಇಟ್ಟರು.

“ಇರ್ತೀನವ್ವ. ಎಲ್ಲಿ ಹಾಸ್ತಿ, ಹಾಸು.”

ನಾದಿನಿ ಹಾಸಿಗೆ ತರಲು ಒಳಗೆ ಹೋದಳು. ಬಹಳ ಹೊತ್ತಾದರೂ ಹೊರಗೆ ಬರಲಿಲ್ಲ. ಏನಾಯಿತೆಂದು ನಾನು ಹೋಗಿ ನೋಡಿದರೆ, ಅವಳು ಮಡಚಿಟ್ಟ ಕೌದಿಗಳ ಮುಂದೆ ನಿಂತು, ಅವ್ವನಿಗೆ ಯಾವುದನ್ನು ಹಾಸಬೇಕೆಂದು ತಿಳಿಯದೆ ಅಳುತ್ತಿದ್ದಳು.